ನೀರು ಬಿಟ್ಟು ಗಾಜು ಹತ್ತುವ ನ್ಯೂಟ್ ಮರಿ: ಮೊದಲ ಬಾರಿ ಸಾಕುವವರು ತಿಳಿದಿರಬೇಕಾದದ್ದು

ಮನೆಗೆ ತಂದು ಎರಡು ದಿನವಾಗಿಲ್ಲ, ಕಿರುಬೆರಳಿನಷ್ಟೂ ಉದ್ದವಿಲ್ಲದ, ಹಲ್ಲಿಯಂತೆ ಕಾಣುವ ನ್ಯೂಟ್ ಮರಿ ನೀರಿನಿಂದ ಎದ್ದು ತೊಟ್ಟಿಯ ಗಾಜಿಗೆ ಅಂಟಿಕೊಂಡು ಕೂತಿದೆ. ಒದ್ದೆ ಹೊಟ್ಟೆ ಗಾಜಿಗೆ ಒತ್ತಿಕೊಂಡಿದೆ, ನಾಲ್ಕೂ ಕಾಲು ಅಗಲಿಸಿದೆ, ಗಂಟಲಿನ ಕೆಳಗಿನ ತೆಳು ಚರ್ಮ ಒಂದೇ ಸಮನೆ ಮಿಡಿಯುತ್ತಿದೆ. ನೀರಲ್ಲಿರಬೇಕಾದ ಪ್ರಾಣಿ ಮೇಲೇಕೆ ಬಂತು ಎಂದು ಗಾಬರಿಯಾಗಿ ಮೆಲ್ಲಗೆ ಮತ್ತೆ ನೀರಿಗೆ ತಳ್ಳುತ್ತೀರಿ. ಹತ್ತು ನಿಮಿಷ ಬಿಟ್ಟು ನೋಡಿದರೆ ಅದೇ ಮೂಲೆ, ಅದೇ ಭಂಗಿ.

ಇನ್ನೊಮ್ಮೆ ತಳ್ಳಬೇಡಿ. ಆ ಮರಿ ಹಟ ಮಾಡುತ್ತಿಲ್ಲ. ಈ ವಯಸ್ಸಿನಲ್ಲಿ ತನಗೆ ನೆಲ ಬೇಕು ಎಂದು ಹೇಳುತ್ತಿದೆ, ಇಲ್ಲವೇ ಈ ನೀರು ತನಗೆ ಸರಿಹೋಗುತ್ತಿಲ್ಲ ಎಂದು ಹೇಳುತ್ತಿದೆ. ಇವೆರಡರಲ್ಲಿ ಯಾವುದು ಎಂದು ಗುರುತಿಸಲು ಬಂದರೆ ನ್ಯೂಟ್ ಸಾಕುವ ಕೆಲಸದಲ್ಲಿ ಅರ್ಧ ಕಲಿತಂತೆಯೇ. ಮೊದಲ ವರ್ಷದಲ್ಲಿ ಮರಿಗಳು ಸಾಯುವುದು ಹೆಚ್ಚಾಗಿ ಪ್ರೀತಿಯ ಕೊರತೆಯಿಂದಲ್ಲ. ದೊಡ್ಡ ನ್ಯೂಟಿಗೆ ಹೊಂದುವ ಏರ್ಪಾಡನ್ನೇ ಮರಿಗೂ ಮಾಡಿಬಿಡುವುದರಿಂದ.

## ಹಲ್ಲಿಯಂತೆ ಕಂಡರೂ ಹಲ್ಲಿಯಲ್ಲ

ನಾಲ್ಕು ಕಾಲು, ಉದ್ದ ಬಾಲ ನೋಡಿ ನ್ಯೂಟನ್ನು ಹಲ್ಲಿಯ ಜಾತಿಗೆ ಸೇರಿಸುವವರೇ ಹೆಚ್ಚು. ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಲ್ಲಿಗೆ ಒಣ ಚರ್ಮ, ಅದರ ಮೇಲೆ ಹುರುಪೆ, ಕಾಲ್ಬೆರಳಿಗೆ ಉಗುರು. ನ್ಯೂಟಿಗೆ ಹುರುಪೆಯೂ ಇಲ್ಲ, ಉಗುರೂ ಇಲ್ಲ. ಇದು ಕಪ್ಪೆಯ ಬಳಗದ್ದು, ಅಂದರೆ ನೀರಿನಲ್ಲೂ ನೆಲದಲ್ಲೂ ಬದುಕುವ ಉಭಯವಾಸಿ. ಉಭಯವಾಸಿಗಳಲ್ಲಿ ದೊಡ್ಡವಾದ ಮೇಲೂ ಬಾಲ ಉಳಿಸಿಕೊಳ್ಳುವ ಗುಂಪಿಗೆ ಸಲಮ್ಯಾಂಡರ್ ಎಂದು ಹೆಸರು. ಆ ದೊಡ್ಡ ಗುಂಪಿನ ಒಂದು ಕವಲು ನ್ಯೂಟ್. ಪ್ರಾಯಕ್ಕೆ ಬಂದ ಮೇಲೆ ಮೊಟ್ಟೆಯಿಡಲು ನೀರಿಗೆ ಮರಳುವುದು ಇವುಗಳ ರೂಢಿ.

ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಜಾತಿ. ಚೈನೀಸ್ ಫೈರ್ ಬೆಲ್ಲಿ ನ್ಯೂಟ್ ಮತ್ತು ಜಪಾನೀಸ್ ಫೈರ್ ಬೆಲ್ಲಿ ನ್ಯೂಟ್ ಎರಡಕ್ಕೂ ಬೆನ್ನು ಕಪ್ಪು ಇಲ್ಲವೇ ಕಂದು, ಹೊಟ್ಟೆ ಕೆಂಡದ ಬಣ್ಣ. ಚೈನೀಸ್ ಚಿಕ್ಕದು, 10 ಸೆಂಟಿಮೀಟರ್ ದಾಟುವುದು ಅಪರೂಪ. ಮೂರನೆಯದು ಸ್ಪ್ಯಾನಿಷ್ ರಿಬ್ಡ್ ನ್ಯೂಟ್. ಸಾಕಿದಾಗ 20 ಸೆಂಟಿಮೀಟರಿನ ಹತ್ತಿರ ಬೆಳೆಯುತ್ತದೆ, ಶತ್ರು ಹಿಡಿದರೆ ತನ್ನ ಪಕ್ಕೆಲುಬಿನ ತುದಿಗಳನ್ನೇ ಚರ್ಮ ಸೀಳಿ ಮುಳ್ಳಿನಂತೆ ಹೊರಗೆ ಚಾಚುತ್ತದೆ. ನಿಮ್ಮ ಮರಿ ಯಾವ ಜಾತಿಯದು ಎಂದು ಕೊಟ್ಟವರನ್ನು ಖಚಿತವಾಗಿ ಕೇಳಿ ತಿಳಿಯಿರಿ. ಮುಂದೆ ಹೇಳುವ ಹಲವು ಸಂಗತಿಗಳು ಜಾತಿಯಿಂದ ಜಾತಿಗೆ ಬದಲಾಗುತ್ತವೆ. ಕಾಡಿನಿಂದ ಹಿಡಿದು ತಂದ ಮರಿಯೋ, ಸಾಕಿದ ನ್ಯೂಟಿಗೆ ಹುಟ್ಟಿದ ಮರಿಯೋ ಎಂಬುದನ್ನೂ ಕೇಳಿ. ಸಾಕಿದ ನ್ಯೂಟಿನ ಮರಿ ತೊಟ್ಟಿಯ ಬದುಕಿಗೆ ಬೇಗ ಒಗ್ಗುತ್ತದೆ, ರೋಗ ಹೊತ್ತು ತರುವ ಸಾಧ್ಯತೆಯೂ ಕಡಿಮೆ. ಕಾನೂನನ್ನೂ ನೋಡಿಕೊಳ್ಳಬೇಕು. ಉದಾಹರಣೆಗೆ ಬ್ರಿಟನ್ನಿನಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟನ್ನು ಹಿಡಿಯುವುದೇ ಅಪರಾಧ. ನೀವಿರುವಲ್ಲಿ ಯಾವುದನ್ನು ಸಾಕಬಹುದು, ಯಾವುದಕ್ಕೆ ಪರವಾನಗಿ ಬೇಕು ಎಂಬುದು ಮರಿ ತರುವ ಮೊದಲೇ ತಿಳಿದಿರಲಿ.

ಇನ್ನೊಂದು ಮಾತು. ಚೆನ್ನಾಗಿ ನೋಡಿಕೊಂಡ ನ್ಯೂಟ್ 10ರಿಂದ 15 ವರ್ಷ ಬದುಕುತ್ತದೆ. 20 ದಾಟಿದವೂ ಇವೆ. ಶಾಲೆಗೆ ಹೋಗುವ ಮಗು ಆಸೆಪಟ್ಟು ತಂದ ಮರಿ, ಆ ಮಗು ಕೆಲಸಕ್ಕೆ ಸೇರುವ ಹೊತ್ತಿಗೂ ಅದೇ ತೊಟ್ಟಿಯಲ್ಲಿ ಇರಬಹುದು.

## ನಿಮ್ಮ ಮರಿ ಈಗ ಯಾವ ಘಟ್ಟದಲ್ಲಿದೆ?

ಹೆಣ್ಣು ನ್ಯೂಟ್ ಮೊಟ್ಟೆಗಳನ್ನು ಕಪ್ಪೆಯಂತೆ ರಾಶಿ ಹಾಕುವುದಿಲ್ಲ. ಒಂದೊಂದೇ ಮೊಟ್ಟೆಯಿಟ್ಟು, ನೀರುಗಿಡದ ಎಲೆಯನ್ನು ಹಿಂಗಾಲಿನಿಂದ ಮಡಚಿ ಅದರೊಳಗೆ ಅಂಟಿಸುತ್ತದೆ. ಎರಡು ಮೂರು ವಾರದಲ್ಲಿ ಹೊರಬರುವ ಮರಿಗೆ ಕತ್ತಿನ ಎರಡೂ ಪಕ್ಕ ಗರಿಯಂಥ ಕಿವಿರು ಇರುತ್ತದೆ. ಇದು ಲಾರ್ವಾ ಘಟ್ಟ, ಕಪ್ಪೆಯ ಗೊದಮೊಟ್ಟೆಗೆ ಸಮ. ಗೊದಮೊಟ್ಟೆಗೆ ಮೊದಲು ಹಿಂಗಾಲು ಬರುತ್ತದೆ, ನ್ಯೂಟಿನ ಲಾರ್ವಾಕ್ಕೆ ಮುಂಗಾಲು. ಈ ಘಟ್ಟದಲ್ಲಿ ಅದು ಪೂರ್ತಿ ನೀರಿನ ಜೀವಿ. ಹೊರಗೆ ತೆಗೆದರೆ ಮೀನಿನ ಗತಿಯೇ.

ಕೆಲವು ತಿಂಗಳಾದ ಮೇಲೆ ದೇಹ ಬದಲಾಗತೊಡಗುತ್ತದೆ. ಗರಿಯಂಥ ಕಿವಿರು ದಿನೇದಿನೇ ಮೊಟಕಾಗುತ್ತದೆ, ಬಾಲದ ಮೇಲಿನ ತೆಳು ರೆಕ್ಕೆ ಕರಗುತ್ತದೆ, ಬಣ್ಣ ಗಾಢವಾಗುತ್ತದೆ. ಮರಿ ಮತ್ತೆ ಮತ್ತೆ ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಇದನ್ನೇ ರೂಪಾಂತರ ಎನ್ನುವುದು. ಹೆಚ್ಚಿನವರು ತಿಳಿಯದೇ ಎಡವುವುದು ಇಲ್ಲಿಯೇ. ಕಿವಿರು ಹೋಯಿತೆಂದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುವ ಮುಖ್ಯ ಅಂಗವೇ ಹೋಯಿತು. ಈಗ ಶ್ವಾಸಕೋಶದಿಂದಲೂ ಚರ್ಮದಿಂದಲೂ ಉಸಿರಾಡಬೇಕು. ಈಜಲು ನೆರವಾಗುತ್ತಿದ್ದ ಬಾಲದ ರೆಕ್ಕೆಯೂ ಇಲ್ಲ. ಇಂಥ ಮರಿಯನ್ನು ಆಳ ನೀರಿನಲ್ಲಿ, ಹತ್ತಿ ಕೂರಲು ಜಾಗವಿಲ್ಲದೆ ಬಿಟ್ಟರೆ ಈಜಿ ಈಜಿ ಸೋತು ಮುಳುಗುತ್ತದೆ. ನೀರಿನಲ್ಲಿ ಹುಟ್ಟಿದ ಪ್ರಾಣಿ ನೀರಿನಲ್ಲೇ ಮುಳುಗಿ ಸಾಯುವುದೆಂದರೆ ನಂಬಲು ಕಷ್ಟ, ಆದರೆ ಹೊಸಬರ ತೊಟ್ಟಿಗಳಲ್ಲಿ ಹೀಗೆ ಸತ್ತ ಮರಿಗಳು ಬಹಳ.

ರೂಪಾಂತರ ಮುಗಿಸಿ ನೆಲಕ್ಕೆ ಬಂದ ಮರಿಗೆ ಎಫ್ಟ್ ಎಂಬ ಹೆಸರಿದೆ. ನ್ಯೂಟ್, ಎಫ್ಟ್ ಎರಡೂ ಒಂದೇ ಹಳೆಯ ಇಂಗ್ಲಿಷ್ ಪದದಿಂದ ಬಂದವು. 'ಆ್ಯನ್ ಎವ್ಟ್' ಎನ್ನುವುದು ಜನರ ಬಾಯಲ್ಲಿ ಹೊರಳಿ 'ಎ ನ್ಯೂಟ್' ಆಯಿತು. ಎಫ್ಟಿನ ಚರ್ಮ ಮಾಸಲು, ತುಸು ಒರಟು. ಮೇಲೆ ಬಿದ್ದ ನೀರು ಹನಿಯಾಗಿ ಜಾರಿಹೋಗುತ್ತದೆ. ಫೈರ್ ಬೆಲ್ಲಿ ಮರಿಗಳು ಒಂದರಿಂದ ಮೂರು ವರ್ಷ ಹೀಗೆ ನೆಲದ ಮೇಲೆಯೇ ಬೆಳೆದು, ಆಮೇಲೆ ನೀರಿಗೆ ಮರಳುತ್ತವೆ. ಸ್ಪ್ಯಾನಿಷ್ ರಿಬ್ಡ್ ಜಾತಿಯ ಮರಿಗಳು ಸಾಮಾನ್ಯವಾಗಿ ನೀರು ಬಿಡುವುದಿಲ್ಲ. ರೂಪಾಂತರದ ದಿನಗಳಲ್ಲಿ ನೀರು ಕಡಿಮೆ ಮಾಡಿ ಕೂರಲು ಆಸರೆ ಕೊಟ್ಟರೆ ಅವಕ್ಕೆ ಸಾಕು.

ಹೀಗಾಗಿ ಗಾಜು ಹತ್ತಿದ ಮರಿಯನ್ನು ಕಂಡಾಗ ಮೊದಲು ಕತ್ತು ನೋಡಿ. ಕಿವಿರಿನ ಗರಿ ಪೂರ್ತಿ ಇದ್ದರೆ ಅದರ ಜಾಗ ನೀರು. ಕಿವಿರು ಮೊಟಕಾಗುತ್ತಿದ್ದರೆ ಅಥವಾ ಇಲ್ಲದೇ ಹೋಗಿದ್ದು ಚರ್ಮ ಮಾಸಲಾಗಿದ್ದರೆ, ಅದು ನೆಲ ಕೇಳುತ್ತಿದೆ. ಚರ್ಮ ನಯವಾಗಿದ್ದು, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದ್ದು, ಇಷ್ಟು ದಿನ ನೀರಿನಲ್ಲೇ ಹಾಯಾಗಿದ್ದ ನ್ಯೂಟ್ ಇದ್ದಕ್ಕಿದ್ದಂತೆ ಹೊರಗೆ ಕೂರತೊಡಗಿದರೆ ದೋಷ ನೀರಿನದು. ಒಂದೋ ಕೆಟ್ಟಿದೆ, ಇಲ್ಲವೇ ಬಿಸಿಯಾಗಿದೆ.

## ಉಸಿರೂ ದಾಹವೂ ಚರ್ಮದ ಮೂಲಕ

ನ್ಯೂಟಿನ ಚರ್ಮ ನಮ್ಮ ಚರ್ಮದಂತೆ ಹೊದಿಕೆ ಮಾತ್ರವಲ್ಲ. ಅದರ ಮೂಲಕವೇ ಅದು ಆಮ್ಲಜನಕ ಪಡೆಯುತ್ತದೆ, ನೀರು ಕುಡಿಯುವ ಬದಲು ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಮಸಿ ಹೀರುವ ಕಾಗದವನ್ನು ನೆನೆಸಿಕೊಳ್ಳಿ. ಮುಟ್ಟಿದ ದ್ರವ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡದೆ ಅದು ಎಳೆದುಕೊಳ್ಳುತ್ತದೆ. ಕೈಗೆ ಅಂಟಿದ ಸೋಪು, ಕ್ರೀಮು, ಕೋಣೆಯಲ್ಲಿ ಸಿಂಪಡಿಸಿದ ಸೊಳ್ಳೆ ಔಷಧ, ತೊಟ್ಟಿ ತೊಳೆಯಲು ಬಳಸಿದ ಮಾರ್ಜಕದ ಅಂಶ ಎಲ್ಲವೂ ನೇರವಾಗಿ ಮೈಯೊಳಗೆ. ತೊಟ್ಟಿಯನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದರೆ ಸಾಕು, ಸೋಪು ಬೇಡ.

ನಲ್ಲಿ ನೀರನ್ನು ಹಾಗೆಯೇ ಸುರಿಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಕುಡಿಯುವ ನೀರಿನ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ ಈ ಚರ್ಮವನ್ನೂ ಕಿವಿರನ್ನೂ ಸುಡುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಗಾಳಿಗೆ ಹೋಗುತ್ತದೆ ನಿಜ. ಆದರೆ ಹಲವು ಕಡೆ ನೀರಿಗೆ ಹಾಕುವುದು ಕ್ಲೋರಮೈನ್, ಅದು ಹಾಗೆ ಸುಲಭವಾಗಿ ಹಾರಿಹೋಗುವುದಿಲ್ಲ. ಅಕ್ವೇರಿಯಂ ಮೀನಿಗೆಂದು ಸಿಗುವ, ಕ್ಲೋರಮೈನನ್ನೂ ತೆಗೆಯುವ ವಾಟರ್ ಕಂಡೀಷನರನ್ನು ಅಳತೆಯಂತೆ ಹಾಕುವುದೇ ಭರವಸೆಯ ದಾರಿ. ಹಾಗಾದರೆ ಫಿಲ್ಟರಿನ ಆರ್‌ಓ ನೀರು ಶುದ್ಧವಲ್ಲವೇ ಎಂದು ಕೇಳಬಹುದು. ಅತಿ ಶುದ್ಧ, ಅದೇ ತೊಂದರೆ. ಲವಣಗಳೇ ಇಲ್ಲದ ನೀರಿನಲ್ಲಿ ನ್ಯೂಟಿನ ಮೈಯ ಲವಣ ಹೊರಗೆ ಸೋರುತ್ತದೆ, ಆ ಸಮತೋಲ ಕಾಯಲು ದೇಹ ಹಗಲೂ ರಾತ್ರಿ ದುಡಿಯಬೇಕಾಗುತ್ತದೆ. ಬರೀ ಆರ್‌ಓ ನೀರು ಬೇಡ.

## ತಿಳಿನೀರೆಲ್ಲ ಒಳ್ಳೆಯ ನೀರಲ್ಲ

ನೀರಿನಲ್ಲಿರುವ ಲಾರ್ವಾಕ್ಕೂ ದೊಡ್ಡ ನ್ಯೂಟಿಗೂ ಈ ಭಾಗ ಮುಖ್ಯ. ಪ್ರಾಣಿಯ ಹೇಲು ಉಚ್ಚೆ, ತಿನ್ನದೆ ಉಳಿದ ಆಹಾರ ಕೊಳೆತಾಗ ಅಮೋನಿಯ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ಸ್ವಲ್ಪವಿದ್ದಾಗ ವಾಸನೆಯೂ ತಿಳಿಯದು. ಗಾಜಿನಂತೆ ಹೊಳೆಯುವ ನೀರಿನಲ್ಲೂ ನ್ಯೂಟಿನ ಚರ್ಮ ಉರಿಯುತ್ತಿರಬಹುದು.

ಪ್ರಕೃತಿಯಲ್ಲಿ ಇದನ್ನು ಸರಿಪಡಿಸುವುದು ಎರಡು ಬಗೆಯ ಬ್ಯಾಕ್ಟೀರಿಯಾ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ನೀರುಗಿಡಗಳು ಅದನ್ನು ಹೀರುತ್ತವೆ, ಉಳಿದದ್ದು ನಾವು ನೀರು ಬದಲಿಸಿದಾಗ ಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹೀಗೆ ತೊಟ್ಟಿಯನ್ನು ಪಳಗಿಸುವುದಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಹಳೆಯ ಆರೋಗ್ಯವಂತ ತೊಟ್ಟಿಯ ಸ್ಪಂಜಿನ ತುಂಡು ಸಿಕ್ಕರೆ ಅದೇ ಹೆಪ್ಪು. ಕೆಲಸ ಬೇಗ ಸಾಗುತ್ತದೆ.

ನೀರು ಪರೀಕ್ಷಿಸುವ ಕಿಟ್ ಒಂದನ್ನು ಇಟ್ಟುಕೊಳ್ಳಲೇಬೇಕು. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗೆ ಇದ್ದರೆ ನೆಮ್ಮದಿ. ವಾರಕ್ಕೊಮ್ಮೆ ಐದರಲ್ಲಿ ಒಂದು ಪಾಲು ನೀರು ತೆಗೆದು, ಅಷ್ಟೇ ತಣ್ಣಗಿರುವ, ಕ್ಲೋರಿನ್ ತೆಗೆದ ಹೊಸ ನೀರು ಹಾಕಿ. ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಪೂರ್ತಿ ನೀರು ಚೆಲ್ಲಿ, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ತೊಳೆದರೆ ನೆಲೆಯೂರಿದ ಬ್ಯಾಕ್ಟೀರಿಯಾ ಅಷ್ಟೂ ಹೋಗಿ ಕಥೆ ಮೊದಲಿಂದ ಶುರು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಹಿಂಡಬೇಕು. ಫಿಲ್ಟರ್ ಆರಿಸುವಾಗಲೂ ಗುಳ್ಳೆಗಳ ಬಲದಿಂದ ನಡೆಯುವ ಸ್ಪಂಜ್ ಫಿಲ್ಟರೇ ಮೇಲು. ನ್ಯೂಟ್ ನಿಂತ ನೀರಿನ ಪ್ರಾಣಿ, ರಭಸದ ಹರಿವು ಅದನ್ನು ದಣಿಸುತ್ತದೆ.

## ತಂಪು ತಪ್ಪಿದರೆ ಎಲ್ಲವೂ ತಪ್ಪಿದಂತೆ

ನ್ಯೂಟ್ ಸಾಕುವುದರಲ್ಲಿ ನಿಜವಾಗಿ ಕಷ್ಟದ್ದು ಯಾವುದು ಎಂದು ಕೇಳಿದರೆ ನಾನು ಹೇಳುವುದು ತಂಪು ಕಾಯುವುದು. ಸಣ್ಣ ಪ್ರಾಣಿಗೆ ಬೆಚ್ಚಗಿಡಬೇಕು ಎಂಬ ಕರುಣೆ ಇಲ್ಲಿ ತಿರುಗುಮುರುಗಾಗುತ್ತದೆ. ಹೀಟರ್ ಬೇಡ, ಬಿಸಿ ಬಲ್ಬ್ ಬೇಡ, ಕಿಟಕಿಯ ಬಿಸಿಲೂ ಬೇಡ. ಫೈರ್ ಬೆಲ್ಲಿ ನ್ಯೂಟಿಗೆ ಹಿತವಾದದ್ದು 16ರಿಂದ 20 ಡಿಗ್ರಿ ಸೆಲ್ಸಿಯಸ್. 24 ದಾಟಿದರೆ ಅದು ಒದ್ದಾಡುತ್ತದೆ.

ಕಾರಣ ಹೀಗೆ. ನ್ಯೂಟ್ ಶೀತರಕ್ತದ ಪ್ರಾಣಿ, ಸುತ್ತಲಿನ ಬಿಸಿಯೇ ಮೈಯ ಬಿಸಿ. ನೀರು ಬಿಸಿಯಾದಂತೆ ದೇಹದೊಳಗಿನ ಕೆಲಸಗಳು ಓಡತೊಡಗುತ್ತವೆ, ಆಮ್ಲಜನಕದ ಬೇಡಿಕೆ ಏರುತ್ತದೆ. ಅದೇ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ. ಕಂಬಳಿ ಹೊದ್ದು ಬೆಟ್ಟ ಹತ್ತುವವನಿಗೆ ಮೂಗನ್ನೂ ಅರ್ಧ ಮುಚ್ಚಿದಂತೆ. ಇದರ ಮೇಲೆ ರೋಗಾಣುಗಳಿಗೆ ಬಿಸಿ ಇಷ್ಟ. ಊಟ ಬಿಡುವುದು, ಚರ್ಮದ ಹುಣ್ಣು, ಬೂಷ್ಟು, ಹೊಟ್ಟೆಯುಬ್ಬರ ಇವುಗಳ ಬುಡ ಹುಡುಕಿದರೆ ಹಲವು ಸಲ ಸಿಗುವುದು ಬಿಸಿಯೇ.

ತೊಟ್ಟಿಯೊಳಗೇ ಒಂದು ತಾಪಮಾಪಕ ಇರಲಿ. ತೊಟ್ಟಿಯನ್ನು ಮನೆಯ ತಣ್ಣನೆಯ ಕೋಣೆಯಲ್ಲಿ, ಸಾಧ್ಯವಾದರೆ ನೆಲದ ಮಟ್ಟದಲ್ಲಿಡಿ. ಗಾಜಿನ ಮುಚ್ಚಳದ ಬದಲು ಸಣ್ಣ ಕಣ್ಣಿನ ಜಾಲರಿ ಹಾಕಿ, ನೀರಿನ ಮೇಲ್ಮೈಗೆ ಪುಟ್ಟ ಫ್ಯಾನ್ ತಿರುಗಿಸಿದರೆ ಆವಿಯಾಗುವ ನೀರು ಬಿಸಿಯನ್ನೂ ಹೊತ್ತೊಯ್ಯುತ್ತದೆ, ಎರಡು ಮೂರು ಡಿಗ್ರಿ ಇಳಿಯುತ್ತದೆ. ತೀರಾ ಬಿಸಿಯ ದಿನ ಮುಚ್ಚಳ ಬಿಗಿದ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೊಟ್ಟಿಯಲ್ಲಿ ತೇಲಿಬಿಡಬಹುದು. ಒಮ್ಮೆಲೇ ಇಳಿಸಬಾರದು, ಗಂಟೆಗೆ ಒಂದೆರಡು ಡಿಗ್ರಿಗಿಂತ ಹೆಚ್ಚು ಬೇಡ. ಎಫ್ಟಿನ ನೆಲದ ಪೆಟ್ಟಿಗೆಗೂ ಇದೇ ಮಾತು. ಹೊರಗೆ ಒರಗಿಸಿಟ್ಟ ತಣ್ಣನೆ ಬಾಟಲಿ ಅದಕ್ಕೆ ಸಾಕಾಗುತ್ತದೆ. ಮನೆ ತಿಂಗಳುಗಟ್ಟಲೆ 25 ಡಿಗ್ರಿಗಿಂತ ಮೇಲೇ ಇರುತ್ತದೆ, ನೀರು ತಣಿಸುವ ಯಂತ್ರವಾದ ಅಕ್ವೇರಿಯಂ ಚಿಲ್ಲರ್ ಇಡಲೂ ಆಗದು ಎಂದಾದರೆ ಆ ಮನೆಗೆ ನ್ಯೂಟ್ ತರದಿರುವುದೇ ಅದಕ್ಕೆ ಮಾಡುವ ಉಪಕಾರ.

## ನೆಲ ಬಯಸುವ ಮರಿಗೆ ಮನೆ

ಎಫ್ಟಿಗೆ ದೊಡ್ಡ ತೊಟ್ಟಿ ಬೇಕಿಲ್ಲ. ಎರಡು ಮೂರು ಮರಿಗಳಿಗೆ ಒಂದೂವರೆ ಅಡಿ ಉದ್ದದ, ಗಾಳಿಯಾಡುವ ಪೆಟ್ಟಿಗೆ ಸಾಕು. ಮೊದಲ ಕೆಲವು ವಾರ ತಳಕ್ಕೆ ಒದ್ದೆ ಮಾಡಿ ಹಿಂಡಿದ, ಬಣ್ಣ ವಾಸನೆಯಿಲ್ಲದ ಪೇಪರ್ ಟವೆಲ್ ಹಾಸಿ. ನೋಡಲು ಚೆಂದವಿಲ್ಲ, ಆದರೆ ಮರಿ ಎಷ್ಟು ತಿಂದಿತು, ಹೇಲು ಹಾಕಿತೇ, ಉಳಿದ ಹುಳು ಎಲ್ಲಿದೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಮರಿ ಒಗ್ಗಿಕೊಂಡ ಮೇಲೆ ತೆಂಗಿನ ನಾರಿನ ಪುಡಿ, ಪಾಚಿ, ಒಣಗಿದ ಎಲೆ ಹಾಸಬಹುದು.

ಒಂದು ತುದಿ ಚೆನ್ನಾಗಿ ತೇವ, ಇನ್ನೊಂದು ತುದಿ ತುಸುವೇ ತೇವವಾಗಿರಲಿ. ಯಾವ ಕಡೆ ಇರಬೇಕೆಂದು ಮರಿಯೇ ಆರಿಸಿಕೊಳ್ಳುತ್ತದೆ. ಹಿಡಿ ಮಣ್ಣು ತೆಗೆದು ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಕೊಚ್ಚೆಯಾದ ನೆಲದಲ್ಲಿ ಕೂತ ಮರಿಯ ಹೊಟ್ಟೆಯಲ್ಲಿ ಹುಣ್ಣು ಏಳುತ್ತದೆ. ಮರದ ತೊಗಟೆಯ ಚೂರುಗಳನ್ನು ಬೋರಲು ಹಾಕಿ ಅಡಗಲು ಎರಡು ಮೂರು ಜಾಗ ಮಾಡಿಕೊಡಿ. ಅಡಗಲು ಜಾಗವಿಲ್ಲದ ಮರಿ ಊಟ ಬಿಡುತ್ತದೆ. ಒಂದು ಮೂಲೆಯಲ್ಲಿ ಅಗಲದ ತಟ್ಟೆ, ಒಂದೆರಡು ಸೆಂಟಿಮೀಟರ್ ನೀರು, ಹತ್ತಿ ಇಳಿಯಲು ಒಳಗೊಂದು ಚಪ್ಪಟೆ ಕಲ್ಲು. ದಿನವೂ ಆ ನೀರು ಬದಲಿಸಬೇಕು.

ಮುಚ್ಚಳದ ವಿಷಯದಲ್ಲಿ ರಾಜಿ ಬೇಡ. ಒದ್ದೆ ಹೊಟ್ಟೆಯ ಅಂಟಿನಿಂದಲೇ ನೆಟ್ಟಗಿನ ಗಾಜು ಹತ್ತುವ ಈ ಮರಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಹೊರಬಿದ್ದ ಮರಿ ಒಂದು ರಾತ್ರಿಯಲ್ಲೇ ಒಣಗಿಹೋಗುತ್ತದೆ, ಸಿಗುವುದು ಬೀರುವಿನ ಹಿಂದೆ.

ನೀರಿನಲ್ಲಿರುವ ಲಾರ್ವಾಕ್ಕೆ ಒಂದು ಗೇಣು ಆಳದ ನೀರು, ಜಾವಾ ಮಾಸ್‌ನಂಥ ಗಿಡ, ಬರಿಯ ತಳ ಇದ್ದರೆ ಆಯಿತು. ತಳಕ್ಕೆ ಏನಾದರೂ ಹಾಕಲೇಬೇಕೆಂದರೆ ನಯವಾದ ಸಣ್ಣ ಮರಳು ಅಥವಾ ಅದರ ತಲೆಗಿಂತ ದೊಡ್ಡ ಕಲ್ಲು. ನಡುವಿನ ಗಾತ್ರದ ಜಲ್ಲಿ ಬೇಡ. ಹುಳುವಿನ ಜೊತೆ ನುಂಗಿದ ಕಲ್ಲು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೀನು, ಬೇರೆ ಜಾತಿಯ ನ್ಯೂಟ್, ಆಮೆ ಯಾವುದನ್ನೂ ಜೊತೆಗೆ ಬಿಡಬೇಡಿ.

## ಊಟ: ಬಾಯಿಗಿಂತ ಕಣ್ಣು ಮೊದಲು

ನ್ಯೂಟ್ ಬೇಟೆಗಾರ. ಅಲುಗಾಡುವುದು ಮಾತ್ರ ಅದರ ಕಣ್ಣಿಗೆ ಆಹಾರ, ಮರಿಗಂತೂ ಇದು ಪೂರ್ತಿ ಸತ್ಯ. ಎಫ್ಟ್ ಹುಳುವನ್ನು ಕಂಡಾಗ ನಡೆಯುವುದನ್ನು ಒಮ್ಮೆ ಉಸಿರು ಬಿಗಿಹಿಡಿದು ನೋಡಿ. ತಲೆಯನ್ನು ತುಸು ಓರೆ ಮಾಡುತ್ತದೆ. ಒಂದು ಕಾಲು ಎತ್ತಿ, ಊರಲೋ ಬೇಡವೋ ಎಂಬಂತೆ ಗಾಳಿಯಲ್ಲೇ ನಿಲ್ಲಿಸುತ್ತದೆ. ಮೂತಿ ಹುಳುವಿಗೆ ತಾಗುವಷ್ಟು ಹತ್ತಿರ ಬಂದು ಮತ್ತೆ ನಿಲ್ಲುತ್ತದೆ. ಹುಳು ಒಮ್ಮೆ ಕೊಂಕಿತೋ, ಗಬಕ್ಕನೆ ಬಾಯಿ. ಆಮೇಲೆ ಕಣ್ಣು ಮುಚ್ಚಿ, ಗುಡ್ಡೆಗಳನ್ನು ಒಳಕ್ಕೆ ಒತ್ತಿ ನುಂಗುತ್ತದೆ. ಈ ನಿಧಾನ ಗೊತ್ತಿಲ್ಲದವರು ಮರಿಗೆ ಹಸಿವಿಲ್ಲ ಎಂದುಕೊಂಡು ಹುಳು ತೆಗೆದುಬಿಡುತ್ತಾರೆ. ಐದು ನಿಮಿಷ ಕೊಡಿ.

ಲಾರ್ವಾಕ್ಕೆ ಆಗತಾನೇ ಮೊಟ್ಟೆಯೊಡೆದ ಬ್ರೈನ್ ಶ್ರಿಂಪ್ ಮರಿಗಳು ಒಳ್ಳೆಯ ಆಹಾರ. ಇವು ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಗಳು. ಒಣ ಮೊಟ್ಟೆಗಳನ್ನು ಉಪ್ಪು ಬೆರೆಸಿದ ಬೆಚ್ಚಗಿನ ನೀರಿಗೆ ಹಾಕಿ ಗಾಳಿಗುಳ್ಳೆ ಬಿಟ್ಟರೆ ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳಂತೆ ಈಜುತ್ತವೆ. ಸಿಹಿನೀರಿನಲ್ಲಿ ತೊಳೆದು, ದಿನಕ್ಕೆ ಒಂದೆರಡು ಸಲ ಕೊಡಬೇಕು. ತುಸು ಬೆಳೆದ ಲಾರ್ವಾಕ್ಕೆ ಡಾಫ್ನಿಯಾ ಎಂಬ ನೀರು ಚಿಗಟ, ಕತ್ತರಿಸಿದ ಸಣ್ಣ ಹುಳು. ಹಸಿದ ಲಾರ್ವಾಗಳು ಒಂದರ ಕಾಲನ್ನು ಒಂದು ಕಚ್ಚುತ್ತವೆ. ದೊಡ್ಡವನ್ನೂ ಚಿಕ್ಕವನ್ನೂ ಬೇರೆ ಬೇರೆ ಇಡುವುದು ಒಳ್ಳೆಯದು.

ನೆಲದ ಮರಿಗೆ ಸ್ಪ್ರಿಂಗ್‌ಟೇಲ್ ಎಂಬ ಜಿಗಿಯುವ ಕಿರುಕೀಟ, ಹಾರಲಾರದ ಹಣ್ಣುನೊಣ, ಆಗತಾನೇ ಹುಟ್ಟಿದ ಚಿಮ್ಮಂಡೆ, ಎಲ್ಲಕ್ಕಿಂತ ಮಿಗಿಲಾಗಿ ಎರೆಹುಳುವಿನ ತುಂಡು. ಪೋಷಕಾಂಶದಲ್ಲಿ ಎರೆಹುಳುವಿಗೆ ಸಾಟಿಯಾದದ್ದು ಕಡಿಮೆ. ಔಷಧ ಸಿಂಪಡಿಸದ ನೆಲದ್ದು ಎಂಬ ಖಾತ್ರಿ ಮಾತ್ರ ಬೇಕು. ನೊಣ, ಚಿಮ್ಮಂಡೆಗಳನ್ನು ಕೊಡುವ ಮೊದಲು ವಾರದಲ್ಲಿ ಒಂದೆರಡು ಸಲ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಮೂಳೆ ಗಟ್ಟಿಯಾಗಲು ಅದು ಬೇಕು. ಬ್ಲಡ್ ವರ್ಮ್ ಎಂಬ ಕೆಂಪು ಹುಳುವನ್ನು ನ್ಯೂಟುಗಳು ಆಸೆಯಿಂದ ತಿನ್ನುತ್ತವೆ, ಆದರೆ ಅದೊಂದನ್ನೇ ವರ್ಷಗಟ್ಟಲೆ ಕೊಟ್ಟರೆ ಪೋಷಣೆ ಸಾಲದು.

ಎಷ್ಟು ದೊಡ್ಡ ತುಂಡು? ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಅಗಲವಿರಬಾರದು. ಎಷ್ಟು ಸಲ? ಎಫ್ಟಿಗೆ ದಿನವೂ ಅಥವಾ ದಿನ ಬಿಟ್ಟು ದಿನ, ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ. ತುದಿ ಮೊಂಡಾದ ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಅಲುಗಿಸಿದರೆ ಕೆಲವೇ ವಾರದಲ್ಲಿ ಚಿಮಟ ಕಂಡೊಡನೆ ಹತ್ತಿರ ಬರುತ್ತದೆ. ಹೊಸ ಮನೆಗೆ ಬಂದ ಮೊದಲ ಮೂರು ನಾಲ್ಕು ದಿನ ತಿನ್ನದಿದ್ದರೆ ಗಾಬರಿ ಬೇಡ. ಸಂಜೆ ಬೆಳಕು ಕಡಿಮೆ ಮಾಡಿ, ಆಹಾರ ಇಟ್ಟು ದೂರ ಹೋಗಿ. ಬಾಯಿ ಬಿಡಿಸಿ ತುರುಕಲು ಯಾವತ್ತೂ ಹೋಗಬಾರದು. ಒಂದು ದಿನ ಮರಿ ತನ್ನದೇ ಪೊರೆಯನ್ನು ಕಳಚಿ ತಿನ್ನುವುದನ್ನು ಕಂಡರೆ ಅದೂ ಸಹಜವೇ.

## ಮುಟ್ಟಬಹುದೇ?

ಕೆಂಪು ಹೊಟ್ಟೆ ಅಲಂಕಾರಕ್ಕಲ್ಲ, ಎಚ್ಚರಿಕೆಗೆ. ಫೈರ್ ಬೆಲ್ಲಿ ನ್ಯೂಟುಗಳ ಮೈಯಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿದೆ, ಪಫರ್ ಮೀನಿನಲ್ಲಿರುವುದೂ ಅದೇ. ಅಮೆರಿಕದ ಪಶ್ಚಿಮ ಕರಾವಳಿಯ ರಫ್ ಸ್ಕಿನ್ಡ್ ನ್ಯೂಟಿನಲ್ಲಿ ಅದು ಇನ್ನೂ ಹೆಚ್ಚು. 1979ರಲ್ಲಿ ಒರೆಗಾನ್ ರಾಜ್ಯದಲ್ಲಿ 29 ವರ್ಷದ ಒಬ್ಬ ವ್ಯಕ್ತಿ ಅಂಥ ನ್ಯೂಟನ್ನು ನುಂಗಿ ಸತ್ತದ್ದು ದಾಖಲಾಗಿದೆ. ಸಾಕುವವರು ಇದಕ್ಕೆ ಹೆದರಿ ಕೂರಬೇಕಿಲ್ಲ. ವಿಷ ಕೆಲಸ ಮಾಡುವುದು ಹೊಟ್ಟೆಗೆ ಹೋದರೆ, ಅಥವಾ ಗಾಯಕ್ಕೆ, ಕಣ್ಣಿಗೆ ತಾಗಿದರೆ. ತೊಟ್ಟಿಗೆ ಕೈ ಹಾಕಿದ ಮೇಲೆ ಸೋಪಿನಿಂದ ತೊಳೆಯಲೇಬೇಕು. ಉಭಯವಾಸಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವೂ ಇರಬಹುದು. ಕೈ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳು, ಬೆಕ್ಕು, ನಾಯಿ ಇವುಗಳ ಕೈಗೆಟುಕದಂತೆ ಇಡಿ.

ನಮ್ಮ ಮುಟ್ಟುವಿಕೆ ನ್ಯೂಟಿಗೂ ಹಿತವಲ್ಲ. 20 ಡಿಗ್ರಿಯ ಮೈಗೆ ನಮ್ಮ ಅಂಗೈ ಕಾದ ಹಂಚು. ಬೆವರಿನ ಉಪ್ಪು ಬೇರೆ. ಸ್ಥಳ ಬದಲಿಸಬೇಕಾದಾಗ ಒಂದು ಲೋಟವನ್ನು ಮುಂದಿಟ್ಟು ಹಿಂದಿನಿಂದ ಮೆಲ್ಲಗೆ ತಳ್ಳಿದರೆ ತಾನಾಗಿ ಹತ್ತುತ್ತದೆ. ನ್ಯೂಟ್ ಎತ್ತಿ ಮುದ್ದಾಡುವ ಪ್ರಾಣಿಯಲ್ಲ, ಕೂತು ನೋಡುವ ಪ್ರಾಣಿ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

## ಕಾಲು ಮತ್ತೆ ಬೆಳೆಯುತ್ತದೆ, ಆದರೆ ಎಲ್ಲ ಗಾಯವೂ ಮಾಯುವುದಿಲ್ಲ

ಜೊತೆಯ ಮರಿ ಕಚ್ಚಿ ಕಾಲು ಹೋಗಿದ್ದರೆ ಎದೆಗುಂದಬೇಡಿ. ಕೆಲವು ವಾರದಲ್ಲಿ ಮೊಗ್ಗಿನಂಥ ಗಂಟು ಮೂಡಿ, ಮೂಳೆ, ನರ, ಬೆರಳುಗಳ ಸಮೇತ ಹೊಸ ಕಾಲು ಬರುತ್ತದೆ. ಸಲಮ್ಯಾಂಡರುಗಳ ಈ ಶಕ್ತಿಯನ್ನು ಇಟಲಿಯ ವಿಜ್ಞಾನಿ ಸ್ಪಲ್ಲಾಂಜಾನಿ 1768ರಲ್ಲೇ ಬರೆದಿಟ್ಟಿದ್ದ. ನ್ಯೂಟ್ ಕಣ್ಣಿನ ಮಸೂರವನ್ನೂ ಹೊಸದಾಗಿ ಬೆಳೆಸಬಲ್ಲದು. ಜಪಾನೀಸ್ ನ್ಯೂಟುಗಳ ಮಸೂರವನ್ನು 16 ವರ್ಷಗಳಲ್ಲಿ 18 ಸಲ ತೆಗೆದು ನೋಡಿದ ಸಂಶೋಧಕರು, ಕೊನೆಯ ಸಲ ಬೆಳೆದದ್ದೂ ಎಂದೂ ತೆಗೆಯದ ಮೂಲ ಮಸೂರದಷ್ಟೇ ಚೆನ್ನಾಗಿತ್ತೆಂದು 2011ರಲ್ಲಿ ಪ್ರಕಟಿಸಿದರು. ಗಾಯವಾದ ಮರಿಯನ್ನು ಒಂಟಿಯಾಗಿಟ್ಟು, ತಣ್ಣನೆಯ ಶುದ್ಧ ನೀರು ಅಥವಾ ದಿನವೂ ಬದಲಿಸುವ ಒದ್ದೆ ಟವೆಲಿನ ಮೇಲೆ ಬಿಟ್ಟರೆ ಉಳಿದದ್ದನ್ನು ಅದರ ಮೈಯೇ ನೋಡಿಕೊಳ್ಳುತ್ತದೆ.

ತಡಮಾಡದೆ ಪಶುವೈದ್ಯರನ್ನು ಕಾಣಬೇಕಾದ ಲಕ್ಷಣಗಳು ಬೇರೆ. ಮೈ ಚೆಂಡಿನಂತೆ ಊದುವುದು, ಮುಳುಗಲಾರದೆ ಓರೆಯಾಗಿ ತೇಲುವುದು, ತೊಡೆ ಹೊಟ್ಟೆಯಲ್ಲಿ ರಕ್ತಗೆಂಪು ಕಲೆ, ಹತ್ತಿಯಂಥ ಬಿಳಿ ಬೂಷ್ಟು, ಚರ್ಮದಲ್ಲಿ ಗುಳಿಬಿದ್ದ ಹುಣ್ಣು, ವಾರ ದಾಟಿದರೂ ಊಟ ಮುಟ್ಟದೆ ಬೆನ್ನೆಲುಬು ಕಾಣತೊಡಗುವುದು. ಎಲ್ಲ ಪಶುವೈದ್ಯರೂ ಉಭಯವಾಸಿಗಳನ್ನು ನೋಡುವುದಿಲ್ಲ. ನೋಡುವವರು ಯಾರೆಂದು ಮರಿ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಮೀನಿನ ಔಷಧವನ್ನು ಕೈಯಳತೆಯಲ್ಲಿ ಹಾಕುವುದು ಅಪಾಯ, ಈ ಚರ್ಮ ಹೀರುವ ಬಗೆ ನೆನಪಿರಲಿ.

## ಕೆರೆಗೆ ಬಿಡುವ ಕೆಲಸ ಮಾತ್ರ ಬೇಡ

ಸಾಕಲಾಗದಿದ್ದರೆ ಹತ್ತಿರದ ಕೆರೆಗೋ ತೊರೆಗೋ ಬಿಟ್ಟರಾಯಿತು, ಅದರ ಪಾಡಿಗೆ ಬದುಕೀತು ಎಂದು ಹಲವರು ಪ್ರಾಮಾಣಿಕವಾಗಿಯೇ ಭಾವಿಸುತ್ತಾರೆ. ಆದರೆ ಅದು ಹೊತ್ತ ರೋಗ ಅಲ್ಲಿನ ಜೀವಿಗಳಿಗೆ ಹಬ್ಬಬಹುದು. ಸುಮಾರು 2010ರಿಂದ ನೆದರ್ಲೆಂಡ್ಸಿನ ಕಾಡುಗಳಲ್ಲಿ ಫೈರ್ ಸಲಮ್ಯಾಂಡರುಗಳು ಸಾಲುಸಾಲಾಗಿ ಸತ್ತವು. ಚರ್ಮವನ್ನು ತಿಂದು ತೂತು ಮಾಡುವ ಶಿಲೀಂಧ್ರವೊಂದು ಕಾರಣವೆಂದು 2013ರಲ್ಲಿ ತಿಳಿಯಿತು. ಬಿಸಾಲ್ ಎಂದು ಚುಟುಕಾಗಿ ಕರೆಯುವ ಈ ಶಿಲೀಂಧ್ರದ ಮೂಲ ಏಷ್ಯಾ. ಅಲ್ಲಿನ ಹಲವು ನ್ಯೂಟುಗಳು ಅದನ್ನು ಹೊತ್ತೂ ಆರೋಗ್ಯವಾಗಿರುತ್ತವೆ, ಯುರೋಪಿನವು ಸಾಯುತ್ತವೆ. ಸಾಕುಪ್ರಾಣಿ ವ್ಯಾಪಾರದ ಜೊತೆಯಲ್ಲೇ ಅದು ಖಂಡ ದಾಟಿತೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಈ ಭಯದಿಂದಲೇ ಅಮೆರಿಕ 2016ರಲ್ಲಿ 201 ಜಾತಿಯ ಸಲಮ್ಯಾಂಡರುಗಳ ಆಮದು ನಿಲ್ಲಿಸಿತು.

ನಿಮ್ಮ ಮರಿ ಎಷ್ಟೇ ಆರೋಗ್ಯವಾಗಿ ಕಂಡರೂ ಅದನ್ನಾಗಲಿ, ತೊಟ್ಟಿಯ ನೀರು, ಗಿಡ, ಪಾಚಿಯನ್ನಾಗಲಿ ಹೊರಗಿನ ಜಲಮೂಲಕ್ಕೆ ಸೇರಿಸಬಾರದು. ಹೊಸ ನ್ಯೂಟ್ ತಂದರೆ ಹಳೆಯದರ ಜೊತೆ ಬಿಡುವ ಮೊದಲು ಕನಿಷ್ಠ ಆರು ವಾರ ಬೇರೆ ಪೆಟ್ಟಿಗೆ, ಬೇರೆ ಚಿಮಟ, ಬೇರೆ ಲೋಟ. ಸಾಕಲಾಗದ ಸ್ಥಿತಿ ಬಂದರೆ ಸಾಕಬಲ್ಲ ಇನ್ನೊಬ್ಬರನ್ನು ಹುಡುಕಿ ಕೊಡಿ.

## ನೀರಿಗೆ ಮರಳುವ ದಿನ

ಒಂದೆರಡು ವರ್ಷ ನೆಲದಲ್ಲಿ ಬೆಳೆದ ಎಫ್ಟ್ ಯಾವಾಗ ನೀರಿಗೆ ಹೋಗಬೇಕೆಂದು ನಾವು ಲೆಕ್ಕ ಹಾಕಬೇಕಿಲ್ಲ. ಮಾಸಲಾಗಿದ್ದ ಚರ್ಮ ನಯವಾಗಿ ಹೊಳೆಯುತ್ತದೆ, ಗುಂಡಗಿದ್ದ ಬಾಲ ಪಕ್ಕದಿಂದ ಚಪ್ಪಟೆಯಾಗುತ್ತದೆ, ತಟ್ಟೆಯ ನೀರಿನಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಆಗ ಮೊದಲೇ ಪಳಗಿಸಿಟ್ಟ ತೊಟ್ಟಿಯಲ್ಲಿ ನಾಲ್ಕು ಬೆರಳು ಆಳ ನೀರು, ಒಂದು ಕಡೆ ಇಳಿಜಾರಾಗಿ ಒಣ ದಂಡೆ, ನೀರಿನ ಮೇಲಿನವರೆಗೂ ಒತ್ತಾಗಿ ಬೆಳೆದ ಗಿಡ ಇರಲಿ. ಮರಿಯನ್ನು ದಂಡೆಯ ಮೇಲೆ ಬಿಡಿ, ನೀರಿಗಲ್ಲ. ಕೆಲವು ದಿನ ಇಳಿಯುತ್ತದೆ, ಹತ್ತುತ್ತದೆ. ಮತ್ತೆ ಗಾಜು ಹತ್ತಿ ಕೂತರೆ ಇನ್ನೂ ಹೊತ್ತಾಗಿಲ್ಲ, ಹಳೆಯ ಪೆಟ್ಟಿಗೆಗೆ ಮರಳಿಸಿ ಒಂದು ತಿಂಗಳು ಬಿಟ್ಟು ನೋಡಿ. ಗಿಡದ ಬುಡದಲ್ಲಿ ಮಲಗಿ, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ, ಬಾಲ ಬೀಸಿ ಮತ್ತೆ ತಳಕ್ಕಿಳಿಯುತ್ತಿದ್ದರೆ ನೀರಿನ ಮಟ್ಟವನ್ನು ವಾರಕ್ಕೆ ಎರಡು ಬೆರಳಿನಂತೆ ಏರಿಸಬಹುದು.